ಮುಂದಿನ ತಾರೀಖು ಗೊತ್ತಿಲ್ಲದವರು

ಜೈಲಿನಲ್ಲಿ ಎಲ್ಲಕ್ಕಿಂತ ಕಠಿಣವಾದ ದಿನ ಯಾವುದು ಎಂದು ಹೊರಗಿನವರನ್ನು ಕೇಳಿದರೆ ಹೆಚ್ಚಿನವರು ಶಿಕ್ಷೆ ಪ್ರಕಟವಾದ ದಿನ ಎನ್ನುತ್ತಾರೆ. ಕಾರಾಗೃಹ ಇಲಾಖೆಯಲ್ಲೇ ತಲೆ ಬೆಳ್ಳಗಾಗಿಸಿಕೊಂಡ ಒಬ್ಬ ವಾರ್ಡರ್ ನನಗೆ ಕೊಟ್ಟ ಉತ್ತರ ಬೇರೆ. "ಒಳಗ ಬಂದ ದಿನದ ರಾತ್ರಿ ರೀ ಮೇಡಂ. ಅದು ಬಿಟ್ರ ಕೋರ್ಟಿಗೆ ಹೋಗಿ ತಿರುಗಿ ಬಂದ ರಾತ್ರಿ. ಇವೆರಡು ದಾಟಿಸಿದ್ವಿ ಅಂದ್ರ ಮನಷಾ ಉಳೀತಾನ." ಅವರು ಯಾವ ತರಬೇತಿಯಲ್ಲೂ ಇದನ್ನು ಕಲಿತವರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಜೈಲುಗಳಿಗಾಗಿಯೇ ಹೊರತಂದ ಆತ್ಮಹತ್ಯೆ ತಡೆ ಕೈಪಿಡಿಯಲ್ಲೂ ಇದೇ ಮಾತಿದೆ ಎನ್ನುವುದು ನನಗೆ ಗೊತ್ತಾಗಿದ್ದು ಬಹಳ ಆಮೇಲೆ. ಬಂಧನದ ಮೊದಲ ಗಂಟೆಗಳು, ಮೊದಲ ದಿನಗಳು, ನ್ಯಾಯಾಲಯದ ತಾರೀಖಿನ ಆಸುಪಾಸು: ಇವನ್ನು ಅದು ಅಪಾಯದ ಹೊತ್ತು ಎಂದು ಗುರುತಿಸುತ್ತದೆ.

ನಾನು ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ ವಕೀಲೆ. ಜೈಲಿನ ಕಾನೂನು ನೆರವು ಕ್ಲಿನಿಕ್ಕಿಗೆ ಹೋಗಿ ಕೂರುವುದು ನನ್ನ ಕೆಲಸದ ಒಂದು ಭಾಗ. ವಾರ್ಡರ್ ಆ ಮಾತು ಹೇಳಿದಂದಿನಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ. 'ಜೈಲಿನಲ್ಲಿ ಕೈದಿ ಆತ್ಮಹತ್ಯೆ' ಎಂಬ ಸುದ್ದಿ ಎಲ್ಲಿ ಕಂಡರೂ ಅವನು ಯಾವತ್ತು ಒಳಗೆ ಬಂದಿದ್ದ, ಕೊನೆಯ ಸಲ ಕೋರ್ಟಿಗೆ ಯಾವಾಗ ಹೋಗಿದ್ದ, ನೋಡಲು ಯಾರಾದರೂ ಬಂದಿದ್ದರೇ ಎಂದು ಹುಡುಕುತ್ತೇನೆ. ಸುದ್ದಿಯಲ್ಲಿ ಈ ಮೂರೂ ಇರುವುದಿಲ್ಲ. ಯಾವ ಪ್ರಕರಣದ ಆರೋಪಿ ಎನ್ನುವುದು ಮಾತ್ರ ತಪ್ಪದೆ ಇರುತ್ತದೆ. ಓದಿದವರು ಆ ಆರೋಪವನ್ನೇ ಸಾವಿಗೆ ಕಾರಣವೆಂದು ಜೋಡಿಸಿಕೊಂಡು ಮುಂದೆ ಹೋಗುತ್ತಾರೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಜೈಲು ಅಂಕಿಅಂಶದ ಪ್ರಕಾರ ಆ ವರ್ಷ ದೇಶದ ಜೈಲುಗಳಲ್ಲಿ ಆದ ಅಸಹಜ ಸಾವುಗಳು 159. ಅದರಲ್ಲಿ 119 ಆತ್ಮಹತ್ಯೆ. ಹಿಂದಿನ ವರ್ಷ, 2021ರಲ್ಲಿ, ಆತ್ಮಹತ್ಯೆಗಳ ಸಂಖ್ಯೆ 150 ಇತ್ತು. ಜೈಲು ಎಂದ ಕೂಡಲೇ ಹೊಡೆದಾಟ, ಗ್ಯಾಂಗು, ಚೂರಿ ನೆನಪಾಗುವ ನಮಗೆ ಇದು ಅಷ್ಟು ಬೇಗ ತಲೆಗೆ ಹೋಗುವುದಿಲ್ಲ. ಜೈಲಿನ ಅಸಹಜ ಸಾವುಗಳಲ್ಲಿ ದೊಡ್ಡ ಪಾಲು ತಮ್ಮನ್ನು ತಾವೇ ಕೊನೆಗಾಣಿಸಿಕೊಂಡವರದು. ಅದೇ 2022ರಲ್ಲಿ ಒಳಗಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರನ್ನು ಕಾನೂನು ಇನ್ನೂ ತಪ್ಪಿತಸ್ಥರು ಎಂದಿಲ್ಲ. ಅವರು ಕಾಯುತ್ತಿದ್ದಾರೆ, ಅಷ್ಟೆ. ಯಾವುದಕ್ಕೆ, ಎಲ್ಲಿಯವರೆಗೆ ಎಂಬುದು ಅವರಲ್ಲಿ ಬಹಳಷ್ಟು ಜನಕ್ಕೆ ಗೊತ್ತಿಲ್ಲ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಗೊತ್ತಿಲ್ಲದಿರುವಿಕೆಯ ಬಗ್ಗೆ.

ಪಕ್ಕದಲ್ಲಿ ಮಲಗುವವನು

ಕ್ಲಿನಿಕ್ಕಿಗೆ ಕೈದಿಗಳು ಸಾಮಾನ್ಯವಾಗಿ ತಾವಾಗಿಯೇ ಬರುತ್ತಾರೆ. ಒಮ್ಮೆ ವಯಸ್ಸಾದ ಸಜಾ ಕೈದಿಯೊಬ್ಬರು ಒಬ್ಬ ಹುಡುಗನ ರಟ್ಟೆ ಹಿಡಿದು ಕರೆತಂದರು. ಹುಡುಗನಿಗೆ ಇಪ್ಪತ್ತು ಇಪ್ಪತ್ತೊಂದು ಇರಬಹುದು. ಅವನ ಮೇಲಿನ ಆರೋಪ ಏನೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರಲ್ಲಿ ಅರ್ಧ ಜನ ಇಲ್ಲಿಗೇ ನಿಲ್ಲಿಸುತ್ತಾರೆ ಎಂಬ ಭಯ ನನಗಿದೆ. ಹಿರಿಯರು ಬಾಗಿಲಲ್ಲೇ ನಿಂತು ಹೇಳಿದರು: "ಮೇಡಮ್ಮರ, ಈ ಹುಡುಗ ಸರಿಯಾಗಿ ಉಣವಲ್ಲ. ರಾತ್ರಿ ಎದ್ದು ಕುಂದರ್ತಾನ. ನಾ ಇವನ ಬಾಜೂಕ ಮಲಗ್ತೀನಿ, ನನಗ ಗೊತ್ತಾಗ್ತೈತ್ರಿ. ಒಂಚೂರು ಮಾತಾಡಿಸ್ರಿ."

ಮಾತಾಡಿಸಿದೆ. ಮೊದಲಿಗೆ ಎಲ್ಲದಕ್ಕೂ "ಏನಿಲ್ರಿ" ಎಂಬ ಒಂದೇ ಉತ್ತರ. ಕೇಸ್ ನಂಬರ್ ಕೇಳಿದಾಗ ಅಂಗಿಯ ಜೇಬಿನಿಂದ ಮಡಚಿ ಮಡಚಿ ಸವೆದ ಚೀಟಿ ತೆಗೆದ. ಆಮೇಲೆ ಮೆಲ್ಲಗೆ, "ನನ್ನ ಬೇಲ್ ಆಗಿಲ್ರಿ. ಮನ್ಯಾಗನೂ ಕೈ ಬಿಟ್ಟಾರ" ಎಂದ. ಯಾರು ಹೇಳಿದರು ಎಂದೆ. "ಯಾರೂ ಹೇಳಿಲ್ರಿ. ಆಗಿದ್ರ ಇಷ್ಟೊತ್ತಿಗೆ ಬಿಡ್ತಿದ್ರಲ್ರಿ." ಪಕ್ಕದ ಕಚೇರಿಯ ಕಂಪ್ಯೂಟರಿನಲ್ಲಿ ಸಿಬ್ಬಂದಿಯೊಬ್ಬರು ಕೇಸುಗಳ ಸ್ಥಿತಿ ತೋರಿಸುವ ಇ-ಕೋರ್ಟ್ಸ್ ಜಾಲತಾಣ ತೆರೆದು ನೋಡಿದರು. ಜಾಮೀನು ಮಂಜೂರಾಗಿ ಎರಡು ವಾರದ ಮೇಲಾಗಿತ್ತು. ಒಂದು ಲಕ್ಷದ ಬಾಂಡು, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು. ಅಪ್ಪನ ಹೆಸರಲ್ಲಿ ಜಮೀನಿಲ್ಲ. ಪಹಣಿ ಇದ್ದ ನೆಂಟರು ಕೋರ್ಟಿನ ಹೆಸರು ಕೇಳಿಯೇ ಹಿಂದೆ ಸರಿದಿದ್ದರು. ಆ ಎರಡು ವಾರವೂ ಅಪ್ಪ ಊರೂರು ತಿರುಗಿ ಕಂಡಕಂಡವರ ಮುಂದೆ ಕೈಮುಗಿಯುತ್ತಿದ್ದ. ಮಗ ಗೋಡೆಯ ಈಚೆ ಕೂತು ಅಪ್ಪ ತನ್ನನ್ನು ಬಿಟ್ಟುಬಿಟ್ಟ ಎಂದು ತೀರ್ಮಾನಿಸಿಕೊಂಡಿದ್ದ.

ಸುದ್ದಿ ಹೇಳಿದಾಗ ಅವನು ಇನ್ನೊಂದು ಸಲ ಹೇಳಿರಿ ಎಂದ. ಹೇಳಿದೆ. "ಅಪ್ಪ ಓಡಾಡಾಕತ್ತಾನಂತನು?" ಎಂದು ಕೇಳಿದ. ಬಿಡುಗಡೆ ಯಾವಾಗ ಎಂದು ಅವನು ಆವತ್ತು ಕೇಳಲೇ ಇಲ್ಲ.

ಆ ಹುಡುಗ ಏನು ಮಾಡಿಕೊಳ್ಳುತ್ತಿದ್ದ, ಮಾಡಿಕೊಳ್ಳುತ್ತಿರಲಿಲ್ಲ ಎಂದು ಹೇಳುವ ಅಧಿಕಾರ ನನಗಿಲ್ಲ. ಜೈಲಿನ ವೈದ್ಯರಿಗೆ ತಿಳಿಸಿದೆವು, ಅವರು ನೋಡಿದರು. ಒಬ್ಬ ಜಾಮೀನುದಾರ ಸಾಕು ಎಂದು ಷರತ್ತು ಸಡಿಲಿಸಲು ಅರ್ಜಿ ಹಾಕಿ, ಅದು ಮಂಜೂರಾಗಿ, ಅವನು ಹೊರಗೆ ಬಂದ. ನನ್ನನ್ನು ಕಾಡುವುದು ಆ ಹಿರಿಯರು. ಅವತ್ತು ಅವರು ರಟ್ಟೆ ಹಿಡಿದು ತರದೇ ಹೋಗಿದ್ದರೆ, ಹುಡುಗ ರಾತ್ರಿ ಎದ್ದು ಕೂರುತ್ತಾನೆ ಎನ್ನುವುದು ಯಾವ ರಿಜಿಸ್ಟರಿನಲ್ಲೂ ಬರುತ್ತಿರಲಿಲ್ಲ.

ಜಾಮೀನು ಸಿಕ್ಕ ಮೇಲೂ

ಇಂಥದ್ದು ಆಗಬಾರದೆಂದು ಆದೇಶಗಳೇನೋ ಇವೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಜಾಮೀನಿನ ವಿಷಯದಲ್ಲಿ ಸ್ಪಷ್ಟ ಸೂಚನೆ ಕೊಟ್ಟಿದೆ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಜೈಲು ಸೂಪರಿಂಟೆಂಡೆಂಟರ ಮೂಲಕ ಕೈದಿಗೆ ಮುಟ್ಟಿಸಬೇಕು. ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಬಾಂಡು ಒದಗಿಸಲಾಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ನ್ಯಾಯಾಲಯ ತಾನಾಗಿಯೇ ನೋಡಬಹುದು. ಅದೇ ವರ್ಷ ಕೇಂದ್ರ ಗೃಹ ಸಚಿವಾಲಯ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು. ಆಗ ಗೊತ್ತುಮಾಡಿದ ಮಿತಿ, ಜಾಮೀನಿನ ಹಣ ಕಟ್ಟಲಾಗದ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಸಜಾ ಕೈದಿಗಳಿಗೆ 25,000ದವರೆಗೆ.

ಆತ್ಮಹತ್ಯೆ ತಡೆಯುವ ಮಾತಿನ ನಡುವೆ ಜಾಮೀನಿನ ಪುರಾಣ ಯಾಕೆ ಎಂದು ಯಾರಿಗಾದರೂ ಅನ್ನಿಸಬಹುದು. ನನ್ನ ಮಟ್ಟಿಗೆ ಅದೇ ಇಲ್ಲಿನ ಮುಖ್ಯ ವಿಷಯ. ಮನಸ್ಸಿನ ಕಾಯಿಲೆಗೆ ವೈದ್ಯರು ಬೇಕು, ಔಷಧ ಬೇಕು, ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ನಾನು ಕಂಡ ಹತಾಶೆಯಲ್ಲಿ ಬಹುಪಾಲು ಒಂದು ಹಾಳೆಯ ಮಾಹಿತಿಯಿಂದ ಹಗುರಾಗುವಂಥದ್ದು. ಮುಂದಿನ ತಾರೀಖು ಯಾವತ್ತು, ನನ್ನ ವಕೀಲರು ಯಾರು, ಚಾರ್ಜ್‌ಶೀಟ್ ಹಾಕಿದರೇ, ಅವ್ವ ಆಸ್ಪತ್ರೆಯಿಂದ ಮನೆಗೆ ಬಂದಳೇ, ಹೆಂಡತಿ ತವರಿಗೆ ಹೋದಳೇ. ಹೊರಗಿರುವ ನಾವು ಇಂಥ ಪ್ರಶ್ನೆಗೆ ಅರ್ಧ ತಾಸು ಉತ್ತರ ಸಿಗದಿದ್ದರೆ ಹತ್ತು ಸಲ ಫೋನ್ ಮಾಡುತ್ತೇವೆ. ಒಳಗಿರುವವನು ಅದೇ ಪ್ರಶ್ನೆ ಇಟ್ಟುಕೊಂಡು ವಾರಗಟ್ಟಲೆ ಗೋಡೆ ನೋಡಬೇಕು. ಖಾಲಿ ಬಿಟ್ಟ ಜಾಗಕ್ಕೆ ಮನಸ್ಸು ಕೆಟ್ಟ ಉತ್ತರವನ್ನೇ ತುಂಬಿಕೊಳ್ಳುತ್ತದೆ. ಕೋರ್ಟಿನಿಂದ ಬಂದ ರಾತ್ರಿ ಕಠಿಣ ಎಂದು ವಾರ್ಡರ್ ಹೇಳಿದ್ದಕ್ಕೂ ಕಾರಣ ಇದೇ. ಬೆಂಗಾವಲು ಪೊಲೀಸರ ಜೊತೆ ವ್ಯಾನಿನಲ್ಲಿ ಹೋಗಿ, ಇಡೀ ದಿನ ಕಾದು, ಕರೆದಾಗ ಎರಡು ನಿಮಿಷ ನಿಂತು, ಅಲ್ಲಿ ಏನು ನಡೆಯಿತು ಎಂಬುದೇ ಅರ್ಥವಾಗದೆ ವಾಪಸ್ಸು. ಈಗ ಎಷ್ಟೋ ಸಲ ವೀಡಿಯೊ ಕಾನ್ಫರೆನ್ಸಿನಲ್ಲೇ ಮುಗಿಯುವುದರಿಂದ, ಮೊದಲು ಕೋರ್ಟಿನ ಹೊರಗೆ ದೂರದಿಂದಲಾದರೂ ಕಾಣುತ್ತಿದ್ದ ಮನೆಯವರ ಮುಖವೂ ಇಲ್ಲ.

ಕಣ್ಣಿಟ್ಟರೆ ಸಾಲದು

ಜೈಲಿನಲ್ಲಿ ಒಂದು ಸಾವಾದರೆ ಏನೇನು ನಡೆಯುತ್ತದೆ ಎನ್ನುವುದು ಪದ್ಧತಿಯಂತೆ ಗೊತ್ತೇ ಇದೆ. 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ, ಮರಣೋತ್ತರ ಪರೀಕ್ಷೆ, ಮ್ಯಾಜಿಸ್ಟ್ರೇಟರ ವಿಚಾರಣೆ. ಇವು ಬೇಕೇ ಬೇಕು. ಒಳಗೆ ಹೊಡೆದು ಕೊಂದು ಆತ್ಮಹತ್ಯೆ ಎಂದು ಬರೆದುಬಿಡುವ ಅಪಾಯ ಈ ದೇಶದಲ್ಲಿ ಕಲ್ಪನೆಯಲ್ಲ. ಆದರೆ ವಿಚಾರಣೆಯಲ್ಲಿ ಕೇಳುವ ಪ್ರಶ್ನೆಗಳನ್ನು ಗಮನಿಸಿ. ಆ ಹೊತ್ತಿಗೆ ಡ್ಯೂಟಿಯಲ್ಲಿ ಯಾರಿದ್ದರು, ಎಷ್ಟು ಗಂಟೆಗೆ ರೌಂಡ್ ಹಾಕಿದರು, ಕ್ಯಾಮೆರಾ ಕೆಲಸ ಮಾಡುತ್ತಿತ್ತೇ. ಹಿಂದಿನ ಒಂದು ತಿಂಗಳಲ್ಲಿ ಈ ಮನುಷ್ಯನನ್ನು ನೋಡಲು ಎಷ್ಟು ಜನ ಬಂದಿದ್ದರು, ಎಷ್ಟು ಸಲ ಫೋನ್ ಮಾಡಿದ್ದ, ಅವನ ಕೇಸಿನ ಸ್ಥಿತಿಯನ್ನು ಅವನಿಗೆ ತಿಳಿಸಿದವರಾರು ಎಂಬ ಪ್ರಶ್ನೆಗಳು ಬರುವುದು ಅಪರೂಪ. ಅಮಾನತಿನ ಭಯ ಸಿಬ್ಬಂದಿಯ ತಲೆಯ ಮೇಲೆ ಸದಾ ತೂಗುತ್ತಿರುತ್ತದೆ. ಆ ಭಯದಲ್ಲಿ ಸಾಧ್ಯವಾಗುವುದು ಕಾವಲು ಹೆಚ್ಚಿಸುವುದು, ವಸ್ತುಗಳನ್ನು ಕಿತ್ತುಕೊಳ್ಳುವುದು, ಅನುಮಾನ ಬಂದವನನ್ನು ಒಂಟಿ ಸೆಲ್ಲಿಗೆ ಹಾಕುವುದು.

ಕಟ್ಟಡದ ರಚನೆ ಬದಲಾಗಬೇಕು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ನೇಮಿಸಿದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿ, 2017ರಿಂದ 2021ರವರೆಗಿನ 817 ಅಸಹಜ ಸಾವುಗಳಲ್ಲಿ 660 ಆತ್ಮಹತ್ಯೆ ಎಂದು ಎಣಿಸಿ, ಜೀವಕ್ಕೆ ಅಪಾಯವಾಗದಂತೆ ಬ್ಯಾರಕ್‌ಗಳನ್ನು ಕಟ್ಟಬೇಕೆಂದು ಶಿಫಾರಸು ಮಾಡಿತು. ಒಳ್ಳೆಯದೇ. ಆ ಒಂದು ಗಳಿಗೆ ದಾಟಿದರೆ ಎಷ್ಟೋ ಜನ ಬದುಕಿಕೊಳ್ಳುತ್ತಾರೆ, ಆ ಗಳಿಗೆಯನ್ನು ದಾಟಿಸುವ ಕೆಲಸ ಕಟ್ಟಡವೂ ಮಾಡಬಹುದು. ನನ್ನ ತಕರಾರು ಒಂಟಿ ಸೆಲ್ಲಿನ ಬಗ್ಗೆ. ಮಾತಿನ ಅಗತ್ಯ ಅತಿ ಹೆಚ್ಚಿರುವ ಮನುಷ್ಯನನ್ನು ಮಾತೇ ಇಲ್ಲದ ಜಾಗಕ್ಕೆ ಸಾಗಿಸಿ, ಅದಕ್ಕೆ ಸುರಕ್ಷತೆ ಎಂದು ಹೆಸರಿಡುವುದು ಕ್ರೌರ್ಯ. ಮನಸ್ಸು ಕುಸಿದಿದೆ ಎಂದು ಬಾಯಿಬಿಟ್ಟರೆ ಒಂಟಿಯಾಗಿ ಹಾಕುತ್ತಾರೆ ಎಂದು ಗೊತ್ತಾದ ಮೇಲೆ ಯಾವ ಕೈದಿ ಬಾಯಿಬಿಟ್ಟಾನು?

ವೈದ್ಯರ ವಿಷಯ. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು 5,024 ಕೈದಿಗಳನ್ನು ಮಾತಾಡಿಸಿ ಅಧ್ಯಯನ ಮಾಡಿ, 2011ರಲ್ಲಿ ವರದಿ ಪ್ರಕಟಿಸಿದರು. ಕುಡಿತ, ತಂಬಾಕು, ಗಾಂಜಾದಂಥ ವ್ಯಸನಗಳನ್ನು ಬದಿಗಿಟ್ಟರೂ ನೂರರಲ್ಲಿ 27ಕ್ಕಿಂತ ಹೆಚ್ಚು ಜನರಿಗೆ ಗುರುತಿಸಬಹುದಾದ ಮಾನಸಿಕ ಕಾಯಿಲೆ ಇತ್ತು. ನಮ್ಮ ರಾಜ್ಯದ ಜೈಲಿನಲ್ಲೇ, ನಮ್ಮ ರಾಜ್ಯದಲ್ಲೇ ಇರುವ ಸಂಸ್ಥೆ ಮಾಡಿದ ಕೆಲಸ ಇದು. ಇಷ್ಟು ವರ್ಷವಾದರೂ ಜೈಲಿನ ಬಗ್ಗೆ ಮಾತಾಡುವಾಗ ನಾವು ಇದನ್ನು ನೆನಪಿಸಿಕೊಳ್ಳುವುದೇ ಇಲ್ಲ. 500 ಕೈದಿಗಳಿಗೆ ಒಬ್ಬ ಮನಶ್ಶಾಸ್ತ್ರಜ್ಞ ಇರಬೇಕೆನ್ನುವುದು 2016ರ ಮಾದರಿ ಜೈಲು ಕೈಪಿಡಿಯ ಮಾನದಂಡ. 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಲೆಕ್ಕ ಹಾಕಿದಾಗ ಇಡೀ ದೇಶದ ಜೈಲುಗಳಲ್ಲಿ ಸಿಕ್ಕ ಮನಶ್ಶಾಸ್ತ್ರಜ್ಞರು, ಮನೋವೈದ್ಯರು ಒಟ್ಟು 25. ಸುಮಾರು 23,000 ಕೈದಿಗಳಿಗೆ ಒಬ್ಬರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಂ ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸೆಯ ಘಟಕ ಇರಲೇಬೇಕು ಎನ್ನುತ್ತದೆ. ಕನಿಷ್ಠ ಒಂದು! ಜಿಲ್ಲಾ ಕಾರಾಗೃಹದಲ್ಲಿ, ತಾಲ್ಲೂಕಿನ ಸಬ್‌ಜೈಲಿನಲ್ಲಿ ರಾತ್ರಿ ಎದ್ದು ಕೂರುವವನಿಗೆ ಆ ಒಂದು ಘಟಕ ಎಷ್ಟು ದೂರ ಎಂದು ಯೋಚಿಸಿ.

ಈ ಅಂಕಿಗಳನ್ನು ನೋಡಿದ ಮೇಲೆ ಆ ಹಿರಿಯ ಕೈದಿಯ ಬೆಲೆ ಇನ್ನೂ ಹೆಚ್ಚಾಗಿ ಕಾಣುತ್ತದೆ. 1990ರಲ್ಲಿ ವೇಲ್ಸ್‌ನ ಸ್ವಾನ್‌ಸೀ ಜೈಲಿನಲ್ಲಿ 15 ವರ್ಷದ ಹುಡುಗನೊಬ್ಬ ಜೀವ ಕಳೆದುಕೊಂಡ. ಮರುವರ್ಷ ಅದೇ ಜೈಲಿನಲ್ಲಿ ಸಮರಿಟನ್ಸ್ ಸಂಸ್ಥೆ ಕೈದಿಗಳಿಗೇ ತರಬೇತಿ ಕೊಟ್ಟು, ಸಂಕಟದಲ್ಲಿರುವ ಸಹಕೈದಿಯ ಮಾತು ಕೇಳಿಸಿಕೊಳ್ಳುವ ವ್ಯವಸ್ಥೆ ಶುರುಮಾಡಿತು. ಈಗ ಬ್ರಿಟನ್ನಿನ ಬಹುತೇಕ ಜೈಲುಗಳಲ್ಲಿ ಅದು ನಡೆಯುತ್ತಿದೆ. ಯಾರಿಗೂ ಹೇಳುವುದಿಲ್ಲ ಎಂಬ ಭರವಸೆಯಲ್ಲಿ ರಾತ್ರಿ ಹೊತ್ತೂ ಒಬ್ಬ ಕೈದಿ ಇನ್ನೊಬ್ಬನನ್ನು ಕರೆಸಿಕೊಂಡು ಮಾತಾಡಬಹುದು. ನಮ್ಮ ಮಾನವ ಹಕ್ಕುಗಳ ಆಯೋಗವೂ 2023ರ ಜೂನ್‌ನಲ್ಲಿ ಜೈಲುಗಳ ಬಗ್ಗೆ ಕೇಂದ್ರಕ್ಕೂ ರಾಜ್ಯಗಳಿಗೂ ಕಳಿಸಿದ ಸಲಹಾಪತ್ರದಲ್ಲಿ, ಒಳಗೆ ಬಂದ ಕೂಡಲೇ ಮಾನಸಿಕ ಆರೋಗ್ಯದ ತಪಾಸಣೆ, ಸಿಬ್ಬಂದಿಗೆ ತರಬೇತಿ, ಆಯ್ದ ಕೈದಿಗಳಿಗೆ ಅಪಾಯದ ಲಕ್ಷಣ ಗುರುತಿಸುವ ತರಬೇತಿ ಎಲ್ಲವನ್ನೂ ಹೇಳಿದೆ. ಒಂದು ಎಚ್ಚರಿಕೆ ಮಾತ್ರ ಬೇಕು. ನಮ್ಮ ಬ್ಯಾರಕ್‌ಗಳಲ್ಲಿ ದುಡ್ಡು, ತೋಳ್ಬಲ, ಜಾತಿ ಎಲ್ಲವೂ ಕೆಲಸ ಮಾಡುತ್ತವೆ. ಇಂಥ ಜವಾಬ್ದಾರಿ ಬ್ಯಾರಕ್ಕಿನ ದಾದಾಗಳ ಕೈಗೆ ಹೋದರೆ ಅದೂ ಇನ್ನೊಂದು ಹಿಡಿತವಾಗುತ್ತದೆ. ಆಯ್ಕೆಯನ್ನು ಹೊರಗಿನ ಆಪ್ತಸಮಾಲೋಚಕರು ಮಾಡಬೇಕು, ತಿಂಗಳಿಗೊಮ್ಮೆಯಾದರೂ ಆ ಕೈದಿಗಳ ಜೊತೆ ಕೂತು ಅವರ ಭಾರವನ್ನೂ ಇಳಿಸಿಕೊಡಬೇಕು.

ಗೇಟಿನ ಈಚೆ

ಸಂದರ್ಶನದ ಸಾಲಿನಲ್ಲಿ ಒಬ್ಬ ತಾಯಿ. ಬಸ್ಸು ಹಿಡಿದು ಬೆಳಗಿನ ಜಾವ ಹೊರಟವಳು, ಕೈಯಲ್ಲಿ ಮಗನ ಅಂಗಿ, ಬಾಳೆಹಣ್ಣು. ಆಧಾರ್ ಕಾರ್ಡು ಮನೆಯಲ್ಲೇ ಉಳಿದಿದೆ. ಒಳಗೆ ಬಿಡಲಿಲ್ಲ. ನಿಯಮ ನಿಯಮವೇ, ಕಿಟಕಿಯಲ್ಲಿ ಕೂತಿದ್ದವನ ಮೇಲೆ ನನಗೆ ಸಿಟ್ಟಿಲ್ಲ. "ಅವಗ ನಾ ಬಂದಿದ್ದೆ ಅಂತರ ಹೇಳ್ರೆಪ್ಪಾ" ಎಂದು ಅವಳು ಕಿಟಕಿಗೆ ಬಾಯಿಟ್ಟು ಕೇಳುತ್ತಿದ್ದಳು. ಆ ಮಾತನ್ನು ಒಳಗೆ ಮುಟ್ಟಿಸಲು ಯಾವ ನಿಯಮವೂ ಅಡ್ಡಿಯಿರಲಿಲ್ಲ. ಮುಟ್ಟಿಸಬೇಕು ಎನ್ನುವ ನಿಯಮವೂ ಇರಲಿಲ್ಲ. ಕೊನೆಗೆ ಅವಳ ಹೆಸರು, ಮಗನ ಹೆಸರು ಬರೆದುಕೊಂಡು ನಾನೇ ಒಳಗೆ ಹೋದಾಗ ಹೇಳಿದೆ. ಮಗ ಬಾಳೆಹಣ್ಣಿನ ಬಗ್ಗೆ ಕೇಳಲಿಲ್ಲ. ಅವ್ವ ಯಾರ ಜೊತೆ ಬಂದಿದ್ದಳು, ಒಬ್ಬಳೇ ಬಂದಳೇ ಎಂದು ಕೇಳಿದ.

ಈ ಗೇಟಿನ ಕಷ್ಟ ಹೊಸದಲ್ಲ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು, ಈಗ ಫ್ರೀಡಂ ಪಾರ್ಕ್ ಇರುವ ಜಾಗ, ಅಲ್ಲಿಂದ ಕೈದಿಯೊಬ್ಬರು ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು ಸುಪ್ರೀಂ ಕೋರ್ಟ್ 1996ರಲ್ಲಿ ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ ತೀರ್ಪು ಕೊಟ್ಟಿತು. ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಅದರಲ್ಲಿ ಪಟ್ಟಿ ಮಾಡಲಾಗಿದೆ. ಕಿಕ್ಕಿರಿದ ಜನ, ವಿಚಾರಣೆಯ ವಿಳಂಬ, ಹಿಂಸೆ, ಇವುಗಳ ಜೊತೆಗೇ ಸಂಪರ್ಕದ ಕೊರತೆ ಮತ್ತು ಸಂದರ್ಶನದ ಅವ್ಯವಸ್ಥೆಯೂ ಇವೆ. 2017ರ ಸೆಪ್ಟೆಂಬರ್ 15ರಂದು ನ್ಯಾಯಮೂರ್ತಿ ಮದನ್ ಲೋಕೂರ್ ಅವರ ಪೀಠ 1382 ಜೈಲುಗಳ ಸ್ಥಿತಿಯ ಪ್ರಕರಣದಲ್ಲಿ ಮತ್ತೆ ಅದೇ ಹೇಳಿತು. ಮೊದಲ ಸಲ ಜೈಲಿಗೆ ಬಂದವರಿಗೆ ಆಪ್ತಸಮಾಲೋಚಕರನ್ನು ನೇಮಿಸಿ, ಮನೆಯವರ ಭೇಟಿಯ ಹೊತ್ತು ಹೆಚ್ಚಿಸುವುದನ್ನು ನೋಡಿ, ಫೋನ್, ವೀಡಿಯೊ ಬಳಸುವುದನ್ನು ನೋಡಿ. ಆಮೇಲೆ ಇ-ಮುಲಾಕಾತ್ ಎಂಬ ವೀಡಿಯೊ ಭೇಟಿಯ ವ್ಯವಸ್ಥೆ ಬಂದಿದೆ, ಜೈಲುಗಳಿಗೆ ಫೋನ್ ಬೂತುಗಳು ಬಂದಿವೆ. ಆದರೆ ನಾನು ಕಂಡ ಕಡೆಯಲ್ಲೆಲ್ಲ ಕೈದಿ ಕೊಟ್ಟ ನಂಬರನ್ನು ಪರಿಶೀಲಿಸಿದ ಮೇಲೆಯೇ ಕರೆಗೆ ಅವಕಾಶ. ಹಾಗಾಗಿ ಫೋನು ಎಲ್ಲಕ್ಕಿಂತ ಹೆಚ್ಚು ಬೇಕಾದ ಆ ಮೊದಲ ದಿನಗಳಲ್ಲೇ ಅದು ಸಿಗುವುದಿಲ್ಲ. ಒಳಗೆ ಬಂದ ಸಂಜೆ, ಸಿಬ್ಬಂದಿಯ ಎದುರಿನಲ್ಲೇ, ಐದು ನಿಮಿಷದ ಒಂದು ಕರೆ. ನಾನು ಸಭೆ ಸಿಕ್ಕಲ್ಲೆಲ್ಲ ಕೇಳುತ್ತಿರುವುದು ಇಷ್ಟೇ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ.

"ಇವರ ಕೈಯಲ್ಲಿ ಸತ್ತವರ ಮನೆಯವರ ಬಗ್ಗೆ ಯಾಕೆ ಬರೆಯುವುದಿಲ್ಲ, ಅಪರಾಧಿಗಳ ಮೇಲೆ ಇಷ್ಟು ಕನಿಕರ ಯಾಕೆ" ಎಂದು ನನ್ನ ಹತ್ತಿರದವರೇ ಕೇಳಿದ್ದಾರೆ. ಅದು ನ್ಯಾಯವಾದ ಸಿಟ್ಟು, ಅದನ್ನು ತಳ್ಳಿಹಾಕಲಾರೆ. ಆದರೆ ವಿಚಾರಣೆ ಮುಗಿಯುವ ಮೊದಲೇ ಆರೋಪಿ ಸತ್ತರೆ ಅವನ ಮೇಲಿನ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಮಗಳನ್ನು ಕಳೆದುಕೊಂಡ ಅಪ್ಪನೊಬ್ಬ ತೀರ್ಪು ಕೇಳುವ ಆಸೆಯಿಂದ ವರ್ಷಗಟ್ಟಲೆ ತಾರೀಖಿಗೆ ಬರುತ್ತಿದ್ದ. ಕೇಸು ಹಾಗೆ ಮುಚ್ಚಿಹೋದ ದಿನ ಅವನು ಕೋರ್ಟಿನ ಕಾರಿಡಾರಿನಲ್ಲಿ "ಇನ್ನ ಯಾರನ್ನ ಕೇಳ್ಲಿ" ಎಂದು ಗೋಗರೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆರೋಪಿಯ ಜೀವ ಕಾಯುವುದು ಆ ಅಪ್ಪನಿಗೂ ಸಲ್ಲಬೇಕಾದ ಬಾಕಿ.

ಒಳಗೆ ನಿಮ್ಮವರು ಇದ್ದರೆ

ಇದನ್ನು ಓದುತ್ತಿರುವವರ ಮನೆಯವರೋ ಗೆಳೆಯರೋ ಒಳಗಿದ್ದರೆ ಕೆಲವು ಮಾತು. ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲ್ಲೂಕಿನಲ್ಲೂ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಬಂಧನದಲ್ಲಿರುವವರಿಗೆ ಅಲ್ಲಿ ವಕೀಲರು ಉಚಿತ, ಆದಾಯದ ಪ್ರಮಾಣಪತ್ರವೂ ಬೇಕಿಲ್ಲ. ಕೇಸ್ ನಂಬರ್, ಮುಂದಿನ ತಾರೀಖು ಕೇಳಿ ಬರೆದುಕೊಳ್ಳಿ, ಭೇಟಿಯಲ್ಲಿ ಅದನ್ನು ಮೊದಲು ಹೇಳಿ. ಹೇಳಲು ಒಳ್ಳೆಯ ಸುದ್ದಿ ಇಲ್ಲವೆಂದು ಭೇಟಿ ತಪ್ಪಿಸಬೇಡಿ. ನಿಮಗೇ ತಡೆಯಲಾಗದಷ್ಟು ಸಂಕಟವಾದರೆ ಟೆಲಿ-ಮಾನಸ್ 14416 ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಒಳಗಿರುವವರು "ನನ್ನ ಚಿಂತಿ ಬಿಡ್ರಿ, ಇನ್ನ ನೀವು ಬರಬ್ಯಾಡ್ರಿ" ಎಂದರೆ, ಇದ್ದಕ್ಕಿದ್ದಂತೆ ಲೆಕ್ಕ ಚುಕ್ತಾ ಮಾಡುವವರಂತೆ ಮಾತಾಡಿದರೆ, ಸಾಯುವ ಮಾತೆತ್ತಿದರೆ, ಅದು ಸಿಟ್ಟಿನ ಮಾತು ಎಂದು ಬಿಡಬೇಡಿ. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆಮೇಲೆ ಗೇಟು ಬಿಟ್ಟು ಹೋಗುವ ಮೊದಲು ಜೈಲರ್ ಅಥವಾ ಸೂಪರಿಂಟೆಂಡೆಂಟರಿಗೆ ಬಾಯಿಮಾತಿನಲ್ಲಿ ಹೇಳಿ, ಜೈಲಿನ ವೈದ್ಯರಿಗೆ ತೋರಿಸಬೇಕೆಂದು ನಾಲ್ಕು ಸಾಲು ಬರೆದೂ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.